ಕ್ಯೂಎಲ್ ಕಂಪ್ಯೂಟರಿನ 8049 ಚಿಪ್ ಬದಲಿಸಿದರೆ ಸೀರಿಯಲ್ ಪೋರ್ಟ್ ಸರಿಹೋಗುತ್ತಾ?

ಪ್ರಶ್ನೆ:
1984ರ ಸಿಂಕ್ಲೇರ್ ಕ್ಯೂಎಲ್ ಕಂಪ್ಯೂಟರ್ ಒಂದನ್ನು ಹೊಸ ಕಂಪ್ಯೂಟರಿಗೆ ಸೀರಿಯಲ್ ಕೇಬಲ್‌ನಲ್ಲಿ ಜೋಡಿಸಿ ಕ್ಯೂಎಲ್‌ಗೆ ಫೈಲ್ ತರಿಸಿಕೊಳ್ಳುತ್ತಿದ್ದೇನೆ. 1200 ಬಾಡ್‌ನಲ್ಲಿ (ಸೆಕೆಂಡಿಗೆ 1200 ಬಿಟ್) ಒಂದಕ್ಷರವೂ ತಪ್ಪಲ್ಲ. 9600ಕ್ಕೆ ಏರಿಸಿದರೆ ನಡುನಡುವೆ ಅಕ್ಷರಗಳೇ ಮಾಯ. ಕ್ಯೂಎಲ್‌ನಿಂದ ಹೊಸ ಕಂಪ್ಯೂಟರಿಗೆ ಕಳಿಸುವುದು ಮಾತ್ರ ಸರಾಗ. ಒಳಗಿನ 8049 ಬದಲಿಸಿ ಅಂತ ಒಬ್ಬರು ಹೇಳಿದರು. ಕೀಬೋರ್ಡ್ ನೋಡಿಕೊಳ್ಳುವ ಚಿಪ್‌ಗೂ ಇದಕ್ಕೂ ಏನು ಸಂಬಂಧ?

ಉತ್ತರ 1:
ಮೊದಲು ಕೇಬಲ್‌ನಲ್ಲಿ ಹ್ಯಾಂಡ್‌ಶೇಕ್ ತಂತಿಗಳು (‘ಸ್ವಲ್ಪ ನಿಲ್ಲು’, ‘ಈಗ ಕಳಿಸು’ ಅಂತ ಸೂಚಿಸುವವು) ಇವೆಯಾ ನೋಡಿ.

ಪ್ರಶ್ನೆ ಕೇಳಿದವರು:
ಇವೆ. ಮಲ್ಟಿಮೀಟರ್ ಇಟ್ಟು ಒಂದೊಂದೇ ನೋಡಿದ್ದೇನೆ.

ಉತ್ತರ 2:
ಹಾಗಿದ್ದರೆ 8049 ಕಡೆಗೇ ನೋಡಬೇಕು. ಕ್ಯೂಎಲ್‌ನಲ್ಲಿ ಡೇಟಾ ಕಳಿಸುವುದು ಝಡ್‌ಎಕ್ಸ್8302 ಅನ್ನುವ ಇನ್ನೊಂದು ಚಿಪ್, ಬಂದದ್ದನ್ನು ಹಿಡಿಯುವುದು 8049. 8049ರಲ್ಲಿ ಯುಆರ್ಟ್, ಅಂದರೆ ಸೀರಿಯಲ್ ಬಿಟ್‌ಗಳನ್ನು ತಾನೇ ಜೋಡಿಸಿಕೊಳ್ಳುವ ಸರ್ಕ್ಯೂಟ್, ಇಲ್ಲ. ಲೈನನ್ನು ಪ್ರೋಗ್ರಾಮೇ ಕಾದು ಕೂತು ಬಿಟ್ ಬಿಟ್ ಆಗಿ ಎಣಿಸಿಕೊಳ್ಳಬೇಕು. ಗಡಿಯಾರ 11 ಮೆಗಾಹರ್ಟ್ಸ್ ಇದ್ದರೂ ಒಂದು ಸೈಕಲ್‌ಗೆ (ಚಿಪ್‌ನ ಕೆಲಸದ ಒಂದು ಹೆಜ್ಜೆ) 15 ಬಡಿತ ಬೇಕು, ಅಂದರೆ 1.36 ಮೈಕ್ರೊಸೆಕೆಂಡ್. 9600ರಲ್ಲಿ ಒಂದು ಬಿಟ್ ಇರುವುದೇ 104 ಮೈಕ್ರೊಸೆಕೆಂಡ್. ಲೆಕ್ಕ ಹಾಕಿ, ಬಿಟ್‌ಗೆ ಬರೀ 76 ಸೈಕಲ್! ಅದರ ಮಧ್ಯೆಯೇ ಕೀಲಿಗಳನ್ನು ನೋಡಬೇಕು, ಸದ್ದು ಹೊರಡಿಸಬೇಕು, ಮುಖ್ಯ ಪ್ರೊಸೆಸರ್ 68008 ಕೇಳಿದ್ದಕ್ಕೆ ಉತ್ತರವನ್ನೂ ಕೊಡಬೇಕು.

ಹರ್ಮೀಸ್ ಅನ್ನುವ ಬದಲಿ ಫರ್ಮ್‌ವೇರ್ (ಚಿಪ್‌ನೊಳಗೇ ಬರೆದಿಡುವ ಪ್ರೋಗ್ರಾಮ್) ಬಂದದ್ದು ಇದಕ್ಕೇ. ಅದು ಕೂರುವುದು 8749 ಚಿಪ್‌ನಲ್ಲಿ. 8049ರದೇ ಇಪ್ರಾಮ್ (ನಾವೇ ಬರೆದು, ಬೆಳಕಿನಿಂದ ಅಳಿಸಬಹುದಾದ) ರೂಪ, 40 ಕಾಲುಗಳೂ ಅದೇ ಜಾಗದಲ್ಲಿ. ಕೋಡಿಗೆ ಅದೇ 2 ಕಿಲೋಬೈಟ್, ರ್‍ಯಾಮ್ ಅದೇ 128 ಬೈಟ್. ಅಷ್ಟರಲ್ಲೇ ಇಷ್ಟು ಕೆಲಸ ತೆಗೆದವರ ಬಗ್ಗೆ ನನಗೆ ತುಂಬಾ ಗೌರವ. ವೇಗದಲ್ಲಿ ಬಂದ ಅಕ್ಷರವೂ ಉಳಿಯುತ್ತದೆ, ಎರಡು ಪೋರ್ಟ್‌ಗಳಿಗೆ ಬೇರೆ ಬೇರೆ ಬಾಡ್ ಇಡಬಹುದು. ಒಮ್ಮೆ ಒತ್ತಿದರೆ ಎರಡಕ್ಷರ ಬೀಳುವ ಕಾಟವೂ ನನ್ನ ಯಂತ್ರದಲ್ಲಿ ನಿಂತಿತು.

ಮುಚ್ಚಳ ಬಿಚ್ಚುವಾಗ ಮಾತ್ರ ಜೋಪಾನ. ಕೀಬೋರ್ಡ್‌ನ ಪ್ಲಾಸ್ಟಿಕ್ ಪಟ್ಟಿಗಳು ಇನ್ನೂ ಬೋರ್ಡಿಗೆ ಸಿಕ್ಕಿಕೊಂಡೇ ಇರುತ್ತವೆ, ವಯಸ್ಸಾಗಿ ಒಣಗಿ ಹಪ್ಪಳದ ಹಾಗಾಗಿರುತ್ತವೆ. ನಾನು ಆತುರದಲ್ಲಿ ಎತ್ತಿದೆ, ಒಂದು ಪಟ್ಟಿ ಚಟ್ಟನೆ ಸೀಳಿತು. ಹೊಸ ಮೆಂಬ್ರೇನ್ (ಆ ಪಟ್ಟಿಗಳಿರುವ ಕೀಬೋರ್ಡ್ ಹಾಳೆ) ಸಿಗುವವರೆಗೆ ಕೆಲವು ಕೀಲಿಗಳೇ ಇರಲಿಲ್ಲ.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು. ಚಿಪ್‌ಗೆ ಕೋಡ್ ಬರೆಯುವ ನನ್ನ ಸಾಧನ, ಪ್ರೋಗ್ರಾಮರ್, 12.5 ವೋಲ್ಟ್ ಮಾತ್ರ ಕೊಡುತ್ತದೆ, ಸಾಕಾ?

ಉತ್ತರ 2:
ಸಾಲದು. 8749ಎಚ್‌ಗೆ 21 ವೋಲ್ಟ್ ಬೇಕು, ಅಷ್ಟು ಕೊಡುವ ಹಳೆಯ ಪ್ರೋಗ್ರಾಮರ್ ಹುಡುಕಿ. ಬರೆದಾದ ಮೇಲೆ ಚಿಪ್‌ನ ಗಾಜಿನ ಕಿಟಕಿಗೆ ಬೆಳಕು ತೂರದ ಸ್ಟಿಕ್ಕರ್ ಅಂಟಿಸಿ. ನೇರ ಬಿಸಿಲಲ್ಲಿ ಬಿಟ್ಟರೆ ಒಂದೇ ವಾರದಲ್ಲಿ ಅಳಿಸಿಹೋಗಬಹುದು. ತೆಗೆದ 8049 ಎಸೆಯಬೇಡಿ. ಹೊಸದು ಏಳದಿದ್ದರೆ ತಪ್ಪು ಎಲ್ಲಿ ಅಂತ ನೋಡಲು ಅದೇ ಬೇಕು.