ಎನ್‌ಬಿಎ ಡ್ರಾಫ್ಟ್ ರದ್ದಾಗಬೇಕೇ?

ಪ್ರಶ್ನೆ, ಧಾರವಾಡದಿಂದ:
ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಗೆ ಕಾಲಿಡುವ ಹೊಸ ಆಟಗಾರ ಯಾವ ತಂಡ ಸೇರಬೇಕೆಂಬುದನ್ನು ತಾನೇ ತೀರ್ಮಾನಿಸುವಂತಿಲ್ಲ. ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾವ ತಂಡ ಅವನನ್ನು ಆರಿಸುತ್ತದೆಯೋ ಅಲ್ಲಿಗೇ ಹೋಗಬೇಕು. ಕೆಳಗಿನ ಸ್ಥಾನದಲ್ಲಿ ಉಳಿದ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಹೆಚ್ಚಿರುವುದರಿಂದ, ಋತುವಿನ ಕೊನೆಯಲ್ಲಿ ಕೆಲವು ತಂಡಗಳು ಗೆಲ್ಲುವ ಮನಸ್ಸನ್ನೇ ಬಿಡುತ್ತವೆ. 2023ರಲ್ಲಿ ಮುಖ್ಯ ಆಟಗಾರರನ್ನು ಹೊರಗೆ ಕೂರಿಸಿದ್ದಕ್ಕೆ ಡಲ್ಲಾಸ್ ತಂಡಕ್ಕೆ ಲೀಗ್ 7.5 ಲಕ್ಷ ಡಾಲರ್ ದಂಡ ಹಾಕಿತು. ಡ್ರಾಫ್ಟ್ ರದ್ದಾದರೆ ಲಾಸ್ ಏಂಜಲೀಸ್, ನ್ಯೂಯಾರ್ಕ್‌ನಂಥ ದೊಡ್ಡ ಊರಿನ ತಂಡಗಳೇ ಎಲ್ಲರನ್ನೂ ಬಾಚಿಕೊಳ್ಳುತ್ತವೆಯೇ?

ಹುಬ್ಬಳ್ಳಿಯಿಂದ:
ಬಾಚಿಕೊಳ್ಳುವುದು ಅಷ್ಟು ಸುಲಭವಲ್ಲ. ಅಂಗಳದಲ್ಲಿ ಒಮ್ಮೆಗೆ ಆಡುವವರು ಐವರೇ. ಹತ್ತೊಂಬತ್ತರ ಹುಡುಗನಿಗೆ ಬೇಕಾದ ಆಡುವ ಅವಕಾಶ ತಾರೆಯರು ತುಂಬಿದ ತಂಡದಲ್ಲಿ ಸಿಗುವುದಿಲ್ಲ. ಇಷ್ಟಕ್ಕೂ, ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾದವನಿಗೇ ತಂಡ ಆರಿಸಿಕೊಳ್ಳುವ ಸ್ವಾತಂತ್ರ್ಯವಿರುವುದು ವಿಚಿತ್ರ. 2016ರಲ್ಲಿ ಹಾಗೆ ಉಳಿದುಹೋದ ಫ್ರೆಡ್ ವ್ಯಾನ್‌ವ್ಲೀಟ್ ಟೊರಾಂಟೊ ಸೇರಿ, 2019ರಲ್ಲಿ ಪ್ರಶಸ್ತಿಯನ್ನೇ ಗೆದ್ದರು.

ಗದಗದಿಂದ:
ಹುಬ್ಬಳ್ಳಿಯವರ ಮಾತನ್ನು ಅರ್ಧ ಒಪ್ಪುತ್ತೇನೆ. ಒಬ್ಬ ಆಟಗಾರನಿಗೆ ಕೊಡಬಹುದಾದ ಗರಿಷ್ಠ ಸಂಬಳ ನಿಗದಿಯಾಗಿರುವಾಗ, ಎಲ್ಲ ತಂಡಗಳೂ ಅಷ್ಟನ್ನೇ ಕೊಡಲು ಮುಂದಾದರೆ, ತಾರೆಯಾಗಬಲ್ಲ ಹುಡುಗ ದೊಡ್ಡ ಊರಿನತ್ತಲೇ ಹೊರಳುತ್ತಾನೆ. ಆದ್ದರಿಂದ ಡ್ರಾಫ್ಟ್ ಹೋಗುವುದಾದರೆ ಆ ಗರಿಷ್ಠ ಮಿತಿಯೂ ಹೋಗಬೇಕು. ಸಣ್ಣ ಊರಿನ ತಂಡ ಹೆಚ್ಚು ಹಣ ಕೊಟ್ಟಾದರೂ ಸೆಳೆಯಲಿ. 2025ರ ಮಹಾರಾಜ ಟ್ರೋಫಿ ಕ್ರಿಕೆಟ್ ಹರಾಜಿನಲ್ಲಿ ದೇವದತ್ತ ಪಡಿಕ್ಕಲ್ ಅವರನ್ನು ನಮ್ಮ ಹುಬ್ಬಳ್ಳಿ ಟೈಗರ್ಸ್ 13.20 ಲಕ್ಷ ರೂಪಾಯಿಗೆ ಕೊಂಡಿತು. ಹರಾಜಿನಲ್ಲೂ ಆಟಗಾರನಿಗೆ ತಂಡದ ಆಯ್ಕೆಯಿಲ್ಲ, ನಿಜ. ಆದರೆ ಪೈಪೋಟಿಯಿಂದ ಬೆಲೆಯಾದರೂ ಏರುತ್ತದೆ. ಎನ್‌ಬಿಎಯಲ್ಲಿ 1995ರಿಂದ ಮೊದಲ ಸುತ್ತಿನವರ ಸಂಬಳವನ್ನೂ ಆಯ್ಕೆಯ ಕ್ರಮಾಂಕವೇ ಗೊತ್ತುಮಾಡುತ್ತದೆ.

ಬೇಕೆಂದೇ ಸೋಲುವುದನ್ನು ತಡೆಯಲು 2019ರಲ್ಲಿ, ಮೊದಲ ಆಯ್ಕೆ ಯಾರಿಗೆಂದು ಗೊತ್ತುಮಾಡುವ ಲಾಟರಿಯಲ್ಲಿ ಕೊನೆಯ ಮೂರು ತಂಡಗಳಿಗೂ ಸಮನಾಗಿ ಶೇ 14ರ ಅವಕಾಶ ಕೊಟ್ಟರು. ಅದರ ಫಲವನ್ನು ನೋಡಿ: 2025ರಲ್ಲಿ ಶೇ 1.8ರ ಅವಕಾಶವಷ್ಟೇ ಇದ್ದ, ಹಿಂದಿನ ವರ್ಷ ಫೈನಲ್ ಆಡಿದ್ದ ಡಲ್ಲಾಸಿಗೇ ಮೊದಲ ಆಯ್ಕೆ ಒಲಿಯಿತು. ದುರ್ಬಲರಿಗೆ ನೆರವೆಂಬ ಸಮರ್ಥನೆ ಇಲ್ಲಿಗೆ ಸಡಿಲವಾಯಿತು.

ಹಾವೇರಿಯಿಂದ:
ರದ್ದುಮಾಡುವವರು ಯಾರೆಂಬುದನ್ನೂ ನೋಡಬೇಕು. 1987ರಲ್ಲಿ ಲಿಯಾನ್ ವುಡ್ ಎಂಬ ಆಟಗಾರನ ದಾವೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು, ಆಟಗಾರರ ಸಂಘದೊಂದಿಗಿನ ಒಪ್ಪಂದದ ಭಾಗವೆಂಬ ಕಾರಣಕ್ಕೆ ಡ್ರಾಫ್ಟನ್ನು ಎತ್ತಿಹಿಡಿಯಿತು. ಅಲ್ಲಿನ ಮಹಿಳಾ ಫುಟ್‌ಬಾಲ್ ಲೀಗ್ 2024ರಲ್ಲಿ ಡ್ರಾಫ್ಟ್ ಕೈಬಿಟ್ಟದ್ದೂ ಅಂಥದೇ ಒಪ್ಪಂದದಿಂದ. ಆದರೆ ಎನ್‌ಬಿಎ ಸಂಘದಲ್ಲಿ ಮತ ಹಾಕುವವರು ಈಗಾಗಲೇ ಒಳಗಿರುವವರು. ಹೊಸಬರ ಸಂಬಳವನ್ನು ಕಟ್ಟಿಹಾಕಿದಷ್ಟೂ ಅವರ ಪಾಲಿಗೆ ಹೆಚ್ಚು ಉಳಿಯುತ್ತದೆ. ಇನ್ನೂ ಒಳಗೆ ಬಾರದ ಹುಡುಗರ ಪರವಾಗಿ ಅವರು ಪಟ್ಟು ಹಿಡಿಯುತ್ತಾರೆಂದು ನನಗಂತೂ ಅನ್ನಿಸುವುದಿಲ್ಲ.