ಮತ್ತಿ, ಮದ್ದಿ, ಮಡ್ಡಿ: ಯಾವುದು ಯಾವ ಮರ?

ಮೈಸೂರಿನ ದೇವರಾಜ ಮಾರುಕಟ್ಟೆ ಕಡೆ ಗ್ರಂಧಿಗೆ ಅಂಗಡಿಗೆ ಹೋಗಿ "ಮತ್ತಿ ಚಕ್ಕೆ ಕೊಡಿ" ಅಂದೆ. "ಅರ್ಜುನದ್ದು ತಾನೇ?" ಅಂತ ಅಂಗಡಿಯವರು ತಿರುಗಿ ಕೇಳಿದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಮದ್ದಿ ಅನ್ನಿ, ಮದ್ದಿಗೆ, ಅಂದರೆ ಔಷಧಿಗೆ, ಬರೋದಕ್ಕೇ ಆ ಹೆಸರು" ಅಂದರು. ಮದ್ದಿನಿಂದ ಮದ್ದಿ ಅನ್ನೋದು ಕೇಳಲು ಚೆನ್ನಾಗಿದೆ. ಆದರೆ ಸರಿ ಇರಲಾರದು.

ಯಾಕೆ ಅಂದರೆ, ತಮಿಳಿನಲ್ಲಿ ಈ ಮರ ಮರುದು, ತೆಲುಗಿನಲ್ಲಿ ಮದ್ದಿ, ನಮ್ಮಲ್ಲಿ ಮತ್ತಿ. ತಮಿಳಿನ ಎರುದು ನಮ್ಮಲ್ಲಿ ಎತ್ತು, ತೆಲುಗಿನಲ್ಲಿ ಎದ್ದು ಆಗಿರುವುದನ್ನು ನೋಡಿ, ಅದೇ ದಾರಿ. ಔಷಧಿಯ ಮದ್ದಿನ ಕಥೆ ಬೇರೆ. ಅದು ತಮಿಳಿನಲ್ಲಿ ಮರುಂದು, ತೆಲುಗಿನಲ್ಲಿ ಮಂದು. ನಡುವೆ ಅನುಸ್ವಾರ ಇದೆ, ಮರದ ಹೆಸರಿನಲ್ಲಿ ಅದು ಎಲ್ಲೂ ಕಾಣೋದಿಲ್ಲ.

ಇನ್ನು ಅಂಗಡಿಯವರು ಹಾಗೆ ಕೇಳಿದ್ದು ನ್ಯಾಯವೇ. ಬರೀ ಮತ್ತಿ ಅಂದರೆ ಎರಡು ಮರ. ಹೊಳೆಮತ್ತಿ ಕಾವೇರಿ ದಡದ್ದು, ಶ್ರೀರಂಗಪಟ್ಟಣ, ಮುತ್ತತ್ತಿ ಕಡೆ ನೀರಿಗೆ ಬಾಗಿ ನಿಂತಿರುತ್ತದೆ. ನೀರುಮತ್ತಿ, ಬಿಳಿಮತ್ತಿ ಅಂತಲೂ ಅನ್ನುತ್ತಾರೆ. ಸಂಸ್ಕೃತದ ಅರ್ಜುನ ಇದೇ, ಅರ್ಜುನ ಅಂದರೂ ಬಿಳಿ ಅಂತಲೇ ಅರ್ಥ. ಕರಿಮತ್ತಿ ಬಂಡೀಪುರ, ನಾಗರಹೊಳೆ ಕಾಡಿನದ್ದು. ಅದರ ತೊಗಟೆ ಮೊಸಳೆ ಬೆನ್ನಿನ ಹಾಗೆ ಕಪ್ಪಗೆ ಚೌಕ ಚೌಕವಾಗಿ ಬಿರಿದಿರುತ್ತದೆ. ಹೊಳೆಮತ್ತಿ ತೊಗಟೆ ಹೊರಗೆ ನುಣುಪು, ಬೂದುಬಿಳಿ, ಪದರ ಪದರವಾಗಿ ಉದುರುತ್ತದೆ. ಒಳಮೈ ಕೆಂಪು. ಬಾಯಿಗೆ ಹಾಕಿದರೆ ನಾಲಿಗೆ ಹಿಡಿಯುವಷ್ಟು ಒಗರು, ಟ್ಯಾನಿನ್ ಅನ್ನೋ ಒಗರಿನ ಅಂಶ ಜಾಸ್ತಿ ಇರೋದರಿಂದ. ಅಳಲೆ, ತಾರೆ ಎರಡೂ ಮತ್ತಿಯ ಹಾಗೆ ಟರ್ಮಿನೇಲಿಯ ಅನ್ನೋ ಸಸ್ಯಕುಲದವು, ಆ ಒಗರು ಅಲ್ಲೂ ಉಂಟು.

ಸುಶ್ರುತ ಹೊಳೆಮತ್ತಿ ಚಕ್ಕೆಯನ್ನು ಗಾಯಕ್ಕೆ ಹೇಳಿದರೆ, 11ನೇ ಶತಮಾನದ ವೈದ್ಯ ಚಕ್ರದತ್ತ ಹೃದಯದ ತೊಂದರೆಗೆ ಹಾಲಿನಲ್ಲಿ ಬೇಯಿಸಿ ಕೊಡಿ ಅನ್ನುತ್ತಾನೆ. ಕ್ಷೀರಪಾಕ ಅನ್ನೋದು ಇದನ್ನೇ. ಸಾಮಾನ್ಯ ಲೆಕ್ಕ 1 ಪಾಲು ಚಕ್ಕೆ, 8 ಪಾಲು ಹಾಲು, 32 ಪಾಲು ನೀರು. ನೀರೆಲ್ಲ ಇಂಗಿ ಹಾಲಷ್ಟೇ ಉಳಿಯಬೇಕು. ತೊಗಟೆಯಲ್ಲಿ ಸಿಕ್ಕ ರಾಸಾಯನಿಕಗಳಿಗೂ ಮರದ ಹೆಸರೇ ಅಂಟಿದೆ: ಅರ್ಜುನಿಕ್ ಆಮ್ಲ, ಅರ್ಜುನೋಲಿಕ್ ಆಮ್ಲ, ಅರ್ಜುನೆಟಿನ್. ಕನ್ನಡದವರು ಹೆಸರಿಟ್ಟಿದ್ದರೆ ಮತ್ತಿನ್ ಆಗುತ್ತಿತ್ತೇನೋ! ಎದೆನೋವಿನ ರೋಗಿಗಳ ಮೇಲೆ ಸಣ್ಣ ಪ್ರಯೋಗಗಳೂ ಆಗಿವೆ. ಹಾಗಂತ ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಇದನ್ನು ಕುಡಿಯೋದು ತಪ್ಪು. ಹೊಳೆಮತ್ತಿ ಹೆಸರಲ್ಲಿ ಕರಿಮತ್ತಿ ಚಕ್ಕೆ ಮಾರುವುದೂ ಉಂಟು. ಆದ್ದರಿಂದ ಪದಕೋಶದಲ್ಲಿ 'ಮತ್ತಿ: ಒಂದು ಮರ' ಅಂತ ಬರೆದು ಕೈ ತೊಳೆದುಕೊಂಡರೆ ಸಾಲದು. ಹೊಳೆ, ಕರಿ ಅನ್ನೋ ಮಾತು ಮುಂದೆ ಇರಲೇಬೇಕು.

ಗೊಂದಲ ಇಲ್ಲಿಗೇ ಮುಗಿಯೋದಿಲ್ಲ. ಊದುಬತ್ತಿಗೆ ಹಾಕುವ ಹಾಲ್ಮಡ್ಡಿಯನ್ನೂ ಕೆಲವರು ಹಾಲುಮದ್ದಿ ಅಂತ ಬರೆದು ಮತ್ತಿ ಮರಕ್ಕೆ ಗಂಟು ಹಾಕುತ್ತಾರೆ. ಅದು ಐಲಾಂಥಸ್ ಅನ್ನೋ ಬೇರೆಯೇ ಮರದ ಅಂಟು. ತೊಗಟೆಗೆ ಕಚ್ಚು ಹಾಕಿದರೆ ಒಸರುತ್ತದೆ, ಗಾಳಿಯ ತೇವ ಹೀರಿಕೊಂಡು ಮೆತ್ತಗೇ ಇರುತ್ತದೆ. ಎಣ್ಣೆ ಡಬ್ಬದ ತಳದಲ್ಲಿ ಉಳಿಯುವ ಮಡ್ಡಿಯೇ ಈ ಮಡ್ಡಿ ಅಂತ ನನ್ನ ಊಹೆ.

ಈಗ ನಿಮ್ಮನ್ನು ಕೇಳಬೇಕಾದದ್ದು: ಮಂಡ್ಯ, ಮಳವಳ್ಳಿ ಕಡೆ ಹಳ್ಳಿಗಳಲ್ಲಿ ಹೊಳೆಯ ಮರಕ್ಕೆ ಬಾಯಲ್ಲಿ ಬರುವ ಹೆಸರು ಮತ್ತಿಯೋ ಮದ್ದಿಯೋ? ಮಡ್ಡಿ ಅನ್ನೋ ಮಾತನ್ನು ಬೇರೆ ಮರಗಳ ಅಂಟಿಗೂ ಯಾರಾದರೂ ಬಳಸುತ್ತೀರಾ?