ಓದುಗರ ಸ್ಪಂದನ: ವೈದ್ಯರ ಬಳಿ ಹೋಗಲೊಲ್ಲದ ವೈದ್ಯ ವಿದ್ಯಾರ್ಥಿನಿ

ಕಳೆದ ಸಂಚಿಕೆಯಲ್ಲಿ ಹಾಸನ ಜಿಲ್ಲೆಯ ತಾಯಿಯೊಬ್ಬರು ಎಂ.ಬಿ.ಬಿ.ಎಸ್. ಮೂರನೆಯ ವರ್ಷದಲ್ಲಿ ಓದುತ್ತಿರುವ ಮಗಳ ಬಗ್ಗೆ ಬರೆದಿದ್ದರು. ಆಕೆಗೆ ತಿಂಗಳಿಗೂ ಮೇಲಾಗಿ ಕೆಮ್ಮು, ತೂಕ ಇಳಿದಿದೆ. ನಡುರಾತ್ರಿ ಕಳೆಯುವವರೆಗೆ ಓದು, ಬೆಳಗಿನ ತಿಂಡಿ ಇಲ್ಲ, ಆಂಟಿಬಯಾಟಿಕ್ ಮಾತ್ರೆಗಳನ್ನು ತಾನೇ ತಂದು ನುಂಗುತ್ತಾಳೆ. ಯಾರಿಗಾದರೂ ತೋರಿಸು ಎಂದರೆ ‘ನಂಗೆ ಗೊತ್ತಿಲ್ವಾ ಅಮ್ಮ?’ ಎನ್ನುತ್ತಾಳೆ. ಹಾಸ್ಟೆಲಿನ ವಾರ್ಡನ್‌ಗೆ ವಿಷಯ ತಿಳಿಸಲೇ, ಬೇಡವೇ ಎಂಬುದು ತಾಯಿಯ ಪ್ರಶ್ನೆಯಾಗಿತ್ತು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ನಿವೃತ್ತ ಮುಖ್ಯೋಪಾಧ್ಯಾಯ, ತುಮಕೂರು

ಮಗಳು ವಯಸ್ಕಳು. ಆಕೆಯ ಮಾತ್ರೆಗಳನ್ನು ಎಣಿಸುವುದನ್ನು ನಿಲ್ಲಿಸಿ. ಮನೆಯ ವಿಷಯವನ್ನು ಪತ್ರಿಕೆಗೆ ಬರೆಯುವುದನ್ನೂ ನಿಲ್ಲಿಸಿ. ತನ್ನ ದೇಹವನ್ನೇ ನೋಡಿಕೊಳ್ಳದವಳು ನಾಳೆ ನಮ್ಮ ದೇಹವನ್ನು ಏನು ನೋಡಿಯಾಳು?

*ಇದೇ ಧಾಟಿಯ ಪತ್ರಗಳು ಇನ್ನೂ ಬಂದಿವೆ, ಒಂದು ಸಾಕೆನಿಸಿತು. ಮುಂದಿನ ಪತ್ರ ದೀರ್ಘವಾಗಿದೆ. ಅದನ್ನು ಕತ್ತರಿಸಿಲ್ಲ.*

ಸರ್ಕಾರಿ ವೈದ್ಯೆ, ಉತ್ತರ ಕನ್ನಡ

ತಾಯಿಯವರೇ, ‘ನಂಗೆ ಗೊತ್ತಿಲ್ವಾ’ ಎಂಬ ಮಾತು ನಿಮಗೆ ಸೊಕ್ಕಿನದಾಗಿ ಕೇಳಿಸಿದೆ. ನನಗೆ ಅದರಲ್ಲಿ ಭಯ ಕೇಳಿಸಿತು. ತಿಂಗಳ ಕೆಮ್ಮಿಗೆ ಇಳಿಯುವ ತೂಕವೂ ಸೇರಿದರೆ ಮೊದಲು ಯಾವ ಕಾಯಿಲೆಯನ್ನು ನೆನೆಯಬೇಕು ಎಂಬುದು ಮೂರನೆಯ ವರ್ಷದವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಆಕೆ ತೋರಿಸಿಕೊಳ್ಳುತ್ತಿಲ್ಲ.

ನಾನು ಹೌಸ್ ಸರ್ಜನ್ ಆಗಿದ್ದಾಗ ಕುತ್ತಿಗೆಯ ಬಲಬದಿಯಲ್ಲಿ ಗಂಟುಗಳು ಕಾಣಿಸಿಕೊಂಡವು. ನಾನು ಮುಚ್ಚಿಡಲಿಲ್ಲ, ನಮ್ಮದೇ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋದೆ. ಹಿರಿಯ ವೈದ್ಯರು ಪರೀಕ್ಷಿಸಿ ಮುಗಿಸಿ, ಅಲ್ಲಿ ಪೋಸ್ಟಿಂಗಿನಲ್ಲಿದ್ದ ವಿದ್ಯಾರ್ಥಿಗಳನ್ನು ಕರೆದು ‘ಒಳ್ಳೆಯ ಕೇಸ್, ನೋಡಿಕೊಳ್ಳಿ’ ಎಂದರು. ನನಗಿಂತ ಕಿರಿಯರಾದ ಹುಡುಗ ಹುಡುಗಿಯರು ಸಾಲಾಗಿ ಬಂದು, ನನ್ನ ಕುತ್ತಿಗೆಯನ್ನು ಒತ್ತಿ, ಗಂಟುಗಳು ಬಿಡಿಬಿಡಿಯಾಗಿವೆಯೋ ಒಂದಕ್ಕೊಂದು ಅಂಟಿಕೊಂಡಿವೆಯೋ ಎಂದು ನೋಡಿದರು. ನನ್ನ ಒಪ್ಪಿಗೆ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬೇಡವೆನ್ನಲು ನನಗೂ ಬಾಯಿ ಬರಲಿಲ್ಲ, ಏಕೆಂದರೆ ಬಡರೋಗಿಗಳ ಮೈಮೇಲೆ ನಾವೆಲ್ಲ ಕಲಿತದ್ದೂ ಹೀಗೆಯೇ.

ಸೂಜಿಯಿಂದ ತೆಗೆದ ಮಾದರಿಯ ವರದಿ ನನ್ನ ಕೈಸೇರುವ ಮೊದಲೇ ಹಾಸ್ಟೆಲಿಗೆ ತಲುಪಿತ್ತು. ಕ್ಷಯವೇ ಆಗಿತ್ತು. ಗಂಟಿನ ಕ್ಷಯ ಜೊತೆಯಲ್ಲಿ ಮಲಗಿದವರಿಗೆ ಅಂಟುವುದಿಲ್ಲ, ಗಾಳಿಯಲ್ಲಿ ಹರಡುವುದು ಶ್ವಾಸಕೋಶದ ಕ್ಷಯ ಎಂಬುದನ್ನು ನನ್ನ ಜೊತೆಗೇ ಓದಿ ಪಾಸಾಗಿದ್ದ ರೂಮ್‌ಮೇಟ್ ಅದೇ ವಾರ ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದಳು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆ ನುಂಗಿದವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹಾಸ್ಟೆಲಿನ ಸಾಮಾನ್ಯ ಶೌಚಾಲಯದಲ್ಲಿ ಅದು ಯಾರ ಕಣ್ಣಿಗೂ ಬೀಳದಿರಲೆಂದು ಆರು ತಿಂಗಳ ಚಿಕಿತ್ಸೆಯುದ್ದಕ್ಕೂ ಬಕೆಟ್ಟುಗಟ್ಟಲೆ ನೀರು ಸುರಿದು ಬರುತ್ತಿದ್ದೆ. ಮನೆಯಲ್ಲಿ ಅಮ್ಮ ನೆಂಟರಿಗೆ ಟೈಫಾಯಿಡ್ ಎಂದು ಹೇಳಿಟ್ಟಿದ್ದರು. ಮದುವೆಯ ಮಾತುಕತೆ ನಡೆಯುತ್ತಿದ್ದ ಕಾಲವದು. ನಿಜವಾದ ಸುದ್ದಿ ಗಂಡಿನ ಕಡೆಯವರಿಗೆ ಆಸ್ಪತ್ರೆಯಿಂದಲೇ ಹೋಯಿತು, ಯಾರ ಮೂಲಕವೆಂದು ತಿಳಿಯಲಿಲ್ಲ. ಆ ಸಂಬಂಧ ತಪ್ಪಿದ್ದಕ್ಕೆ ಈಗ ದುಃಖವಿಲ್ಲ. ಕುತ್ತಿಗೆಯನ್ನು ಒತ್ತಿದ ಬೆರಳುಗಳನ್ನು ಮಾತ್ರ ಇಷ್ಟು ವರ್ಷಗಳಾದರೂ ಮರೆಯಲಾಗಿಲ್ಲ. ನಿಮ್ಮ ಪತ್ರ ಓದಿದಂದು ಮತ್ತೆ ಕುತ್ತಿಗೆ ಮುಟ್ಟಿ ನೋಡಿಕೊಂಡೆ.

ದಯವಿಟ್ಟು ವಾರ್ಡನ್‌ಗೆ ತಿಳಿಸಬೇಡಿ. ಮಗಳನ್ನು ಆ ಕಾಲೇಜಿನವರು ಯಾರೂ ಇಲ್ಲದ ಊರಿನ ವೈದ್ಯರೊಬ್ಬರ ಬಳಿಗೆ ಕರೆದೊಯ್ಯಿರಿ. ಆಕೆ ಒಳಗೆ ಹೋದಾಗ ನೀವು ಹೊರಗೇ ಕುಳಿತಿರಿ. ಅಲ್ಲಿ ಆಕೆ ಡಾಕ್ಟರಾಗುವವಳಲ್ಲ, ಕೆಮ್ಮು ಬಂದಿರುವ ಒಬ್ಬ ಹುಡುಗಿ, ಅಷ್ಟೇ.

*ಚಿಕಿತ್ಸೆಯ ಕುರಿತು ಬಂದ ಪತ್ರಗಳಲ್ಲಿ ಇದು ಸ್ಪಷ್ಟವಾಗಿದೆ.*

ಶ್ವಾಸಕೋಶ ತಜ್ಞ, ಮೈಸೂರು

ಎರಡು ವಾರ ಮೀರಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಆಗಬೇಕು; ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಇದು ಕ್ಷಯವೇ ಎಂದು ನಾನು ಹೇಳುತ್ತಿಲ್ಲ. ಆಸ್ತಮಾ ಇರಬಹುದು, ಹೊಟ್ಟೆಯ ಆಮ್ಲ ಮೇಲೆ ಬರುತ್ತಿರಬಹುದು. ನನ್ನನ್ನು ಕಳವಳಕ್ಕೀಡುಮಾಡಿದ್ದು ಆಕೆ ನುಂಗುತ್ತಿರುವ ಮಾತ್ರೆ. ತಾಯಿ ಬರೆದಿರುವ ಲೆವೊಫ್ಲಾಕ್ಸಾಸಿನ್ ಕ್ಷಯದ ರೋಗಾಣುವಿನ ಮೇಲೂ ಕೆಲಸ ಮಾಡುತ್ತದೆ. ಕ್ಷಯವಿದ್ದು, ನಾಲ್ಕಾರು ದಿನ ಅದೊಂದನ್ನೇ ತೆಗೆದುಕೊಂಡರೆ ಕೆಮ್ಮು ತಗ್ಗಿ ಗುಣವಾದಂತೆ ತೋರುತ್ತದೆ, ಪರೀಕ್ಷೆಯಲ್ಲಿ ರೋಗಾಣು ಸಿಗದೆ ಹೋಗಬಹುದು, ಪತ್ತೆ ವಾರಗಟ್ಟಲೆ ತಡವಾಗುತ್ತದೆ. ಮೇಲಾಗಿ ರೋಗಾಣು ಆ ಔಷಧಕ್ಕೆ ಜಗ್ಗದಂತೆ ಬೆಳೆಯುವ ಅಪಾಯವೂ ಇದೆ. ಆದ್ದರಿಂದ ಮೊದಲು ಮಾತ್ರೆ ನಿಲ್ಲಿಸಲಿ. ವೈದ್ಯರಿಗೆ ಯಾವುದನ್ನು, ಎಷ್ಟು ದಿನ ತೆಗೆದುಕೊಂಡೆನೆಂದು ಮರೆಮಾಚದೆ ಹೇಳಲಿ. ಕಫ ಪರೀಕ್ಷೆ ಮತ್ತು ಎಕ್ಸ್‌ರೇ ಎರಡೂ ಆಗಲಿ. ವಾರ್ಡಿನಲ್ಲಿ ದಿನವೂ ರೋಗಿಗಳ ಎದೆಗೆ ಕಿವಿಗೊಡುವವರಿಗೆ ಈ ಸೋಂಕು ತಗಲುವ ಸಾಧ್ಯತೆ ಸಾಮಾನ್ಯ ಜನರಿಗಿಂತ ಹೆಚ್ಚು. ಇದರಲ್ಲಿ ನಾಚುವಂಥದ್ದು ಏನೂ ಇಲ್ಲ.

ಔಷಧ ಅಂಗಡಿಯವರು, ಶಿವಮೊಗ್ಗ

ಎಲ್ಲರೂ ಹುಡುಗಿಯನ್ನು ಬೈಯುತ್ತಾರೆ, ಇಲ್ಲವೇ ಮಾತ್ರೆ ಕೊಟ್ಟ ನಮ್ಮನ್ನು. 2014ರ ಮಾರ್ಚ್‌ನಿಂದ ಎಚ್1 ಅನುಸೂಚಿ ಜಾರಿಯಲ್ಲಿದೆ. ಅದರಲ್ಲಿರುವ ಔಷಧಗಳನ್ನು ಚೀಟಿಯಿಲ್ಲದೆ ಕೊಡುವಂತಿಲ್ಲ. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಬಿಳಿ ಏಪ್ರನ್ ಹಾಕಿಕೊಂಡ ವಿದ್ಯಾರ್ಥಿ ಬಂದು ‘ಸರ್, ನಾನೇ ಡಾಕ್ಟರು’ ಎಂದರೆ, ಇಲ್ಲವೇ ಯಾವನೋ ಸೀನಿಯರ್ ಕೈಯಲ್ಲಿ ಚೀಟಿ ಗೀಚಿಸಿಕೊಂಡು ಬಂದರೆ, ನಾನು ಏನು ಮಾಡಬೇಕು? ಕೊಡದಿದ್ದರೆ ಮುಂದಿನ ಅಂಗಡಿಯಲ್ಲಿ ಸಿಗುತ್ತದೆ. ನಿದ್ರೆಯ ಮಾತ್ರೆ ಕೇಳಿಕೊಂಡು ಬರುವವರೂ ಇದ್ದಾರೆ. ಅವರ ಮುಖ ನೋಡಿದರೆ ಬೈಯುವ ಮನಸ್ಸೂ ಆಗುವುದಿಲ್ಲ.

ಗೃಹಿಣಿ, ಬೆಂಗಳೂರು

ಏಪ್ರನ್ ಎಂದೊಡನೆ ಹೇಳಬೇಕೆನಿಸಿತು. ವಾರ್ಡಿನಲ್ಲಿ ತೊಟ್ಟದ್ದನ್ನೇ ತೊಟ್ಟು ದರ್ಶಿನಿಯಲ್ಲಿ ಇಡ್ಲಿ ತಿನ್ನುವುದನ್ನು, ಸಿಟಿ ಬಸ್ಸಿನಲ್ಲಿ ಮಕ್ಕಳ ಪಕ್ಕ ಕೂರುವುದನ್ನು ಈ ವಿದ್ಯಾರ್ಥಿಗಳು ಯಾವಾಗ ಬಿಡುತ್ತಾರೆ?

*ಪ್ರಶ್ನೆ ಬೇರೆಯಾದರೂ ನ್ಯಾಯವಾದದ್ದು. ವಿದ್ಯಾರ್ಥಿಗಳ ಮಾತನ್ನೂ ಕೇಳೋಣ.*

ಅಂತಿಮ ವರ್ಷದ ವಿದ್ಯಾರ್ಥಿ, ಬೆಳಗಾವಿ

ನಮ್ಮಲ್ಲಿ ತಿಯರಿಗೆ ಶೇಕಡಾ 75, ಪ್ರಾಕ್ಟಿಕಲ್‌ಗೆ ಶೇಕಡಾ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಜ್ವರ ಬಂದವರು ಮೊದಲು ಲೆಕ್ಕ ಹಾಕುವುದು ಉಳಿದಿರುವ ಹಾಜರಿಯನ್ನು. ಹೊರಗಿನ ವೈದ್ಯರಿಗೆ ತೋರಿಸಲು ಒಂದು ಬೆಳಗ್ಗೆ ಬೇಕು. ಆ ಬೆಳಗ್ಗೆ ನಮ್ಮ ಕೈಯಲ್ಲಿಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ವ್ಯಾಯಾಮ ಮಾಡಬೇಕೆಂದು ಪರೀಕ್ಷೆಯಲ್ಲಿ ಬರೆಯುವ ನಾವು ಆ ಉತ್ತರವನ್ನು ಕಂಠಪಾಠ ಮಾಡುವುದು ಕೂತಲ್ಲಿಂದ ಏಳದೆ, ರಾತ್ರಿ ಒಂದು ಗಂಟೆಗೆ ನೂಡಲ್ಸ್ ತಿನ್ನುತ್ತ. ಹೆಪಟೈಟಿಸ್ ಬಿ ಲಸಿಕೆಯ ಮೂರನೆಯ ಡೋಸ್ ಆರನೆಯ ತಿಂಗಳಿಗೆ ಬರುತ್ತದೆ. ನನ್ನ ಬ್ಯಾಚಿನಲ್ಲಿ ಮೊದಲೆರಡು ತೆಗೆದುಕೊಂಡು ಅಲ್ಲಿಗೇ ಬಿಟ್ಟವರು ಬಹಳ, ಮೂರನ್ನೂ ಮುಗಿಸಿ ರಕ್ತದಲ್ಲಿ ರಕ್ಷಣೆ ಬಂದಿದೆಯೇ ಎಂದು ಪರೀಕ್ಷಿಸಿಕೊಂಡವರನ್ನು ನಾನು ಕಂಡಿಲ್ಲ. ಆದರೂ ದಿನವೂ ರಕ್ತ ತೆಗೆಯುತ್ತೇವೆ.

2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು ಪಿ.ಜಿ. ವೈದ್ಯರಿಗೆ ವಾರಕ್ಕೆ 74 ಗಂಟೆಗಿಂತ ಹೆಚ್ಚು ಕೆಲಸ ಇರಬಾರದು, ವಾರಕ್ಕೊಂದು ರಜೆ ಬೇಕು, ದಿನಕ್ಕೆ 7ರಿಂದ 8 ಗಂಟೆ ನಿದ್ರೆಯಾಗಬೇಕು ಎಂದು ಶಿಫಾರಸು ಮಾಡಿತು. ನೈಟ್ ಡ್ಯೂಟಿ ಮುಗಿಸಿ ಬಂದ ಪಿ.ಜಿ. ಅಕ್ಕನೊಬ್ಬರಿಗೆ ಅದನ್ನು ಓದಿ ಹೇಳಿದೆವು. ಅವರು ಕುಳಿತಲ್ಲೇ ನಿದ್ದೆ ಹೋಗಿದ್ದರು. ತಾಯಂದಿರು ‘ತಿಂಡಿ ತಿಂದೆಯಾ’ ಎಂದು ಫೋನಿನಲ್ಲಿ ಕೇಳುವುದರ ಜೊತೆಗೆ, ಪೋಷಕರ ಸಭೆಯಲ್ಲಿ ಎದ್ದು ನಿಂತು ‘ಕಾಯಿಲೆ ಬಿದ್ದವರ ಹಾಜರಿಯ ಗತಿ ಏನು’ ಎಂದು ಡೀನ್ ಅವರನ್ನೂ ಕೇಳಲಿ.

ಕನ್ನಡಿಗ ವೈದ್ಯ, ಬರ್ಮಿಂಗ್‌ಹ್ಯಾಮ್

ನಾನು ಇಲ್ಲಿಗೆ ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರು ‘ನಿನ್ನ ಜಿ.ಪಿ. ಯಾರು?’ ಎಂದಾಗ ನಗು ಬಂತು. ಜಿ.ಪಿ. ಎಂದರೆ ಇಲ್ಲಿ ಕಾಯಿಲೆ ಬಂದಾಗ ಮೊದಲು ತೋರಿಸಿಕೊಳ್ಳುವ ಸಾಮಾನ್ಯ ವೈದ್ಯ. ವೈದ್ಯನಿಗೊಬ್ಬ ವೈದ್ಯನೇ? ಇಲ್ಲಿನ ವೈದ್ಯಕೀಯ ಮಂಡಳಿ, ವೈದ್ಯರು ತಮ್ಮ ಕುಟುಂಬಕ್ಕೆ ಸೇರದ ಜಿ.ಪಿ. ಒಬ್ಬರಲ್ಲಿ ನೋಂದಾಯಿಸಿಕೊಂಡಿರಬೇಕೆಂದು ತನ್ನ ಮಾರ್ಗಸೂಚಿಯಲ್ಲೇ ಬರೆದಿದೆ ಎಂಬುದು ಆಮೇಲೆ ತಿಳಿಯಿತು. ವೈದ್ಯರ ಪ್ರಮಾಣವಚನವಾದ ಜಿನೀವಾ ಪ್ರತಿಜ್ಞೆಯ 2017ರ ಪರಿಷ್ಕೃತ ರೂಪದಲ್ಲಿಯೂ, ಉತ್ತಮ ಆರೈಕೆ ನೀಡುವುದಕ್ಕಾಗಿ ವೈದ್ಯ ತನ್ನ ಆರೋಗ್ಯವನ್ನೂ ಕಾಪಾಡಿಕೊಳ್ಳಬೇಕೆಂಬ ಸಾಲು ಸೇರಿದೆ. 1948ರ ಮೂಲದಲ್ಲಿ ಅದು ಇರಲಿಲ್ಲ. ಹಾಗೆಂದು ಇಲ್ಲಿ ಎಲ್ಲವೂ ಸರಿಯಾಗಿದೆ ಎಂದಲ್ಲ. ಕಾರಿಡಾರಿನಲ್ಲಿ ಗೆಳೆಯನನ್ನು ನಿಲ್ಲಿಸಿ ಔಷಧ ಕೇಳುವ ಚಾಳಿ ಇಲ್ಲಿಯೂ ಇದೆ. ಆದರೆ ಆ ಹುಡುಗಿಗೆ ತನ್ನ ಕಾಲೇಜಿಗೆ ಸಂಬಂಧಪಡದ ಒಬ್ಬ ವೈದ್ಯರು ಇದ್ದಿದ್ದರೆ ಆ ತಾಯಿ ಪತ್ರಿಕೆಗೆ ಬರೆಯಬೇಕಾಗಿ ಬರುತ್ತಿರಲಿಲ್ಲವೇನೋ.

*ಕೆಲವು ವಿದ್ಯಾರ್ಥಿಗಳು ತಮ್ಮದೇ ನಿದ್ರಾಹೀನತೆ, ದುಗುಡಗಳ ಬಗ್ಗೆ ಬರೆದಿದ್ದಾರೆ. ಹೆಸರಿಲ್ಲದೆಯೂ ಅವನ್ನು ಪ್ರಕಟಿಸುವುದಿಲ್ಲ. ಅವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವಾರ್ಡನ್‌ಗೆ ತಿಳಿಸಿ ಎಂದ ಪತ್ರಗಳೇ ಸಂಖ್ಯೆಯಲ್ಲಿ ಹೆಚ್ಚಾಗಿದ್ದವು. ಸ್ಥಳಾಭಾವದಿಂದ ಅವನ್ನು ಕೈಬಿಟ್ಟಿದ್ದೇವೆ. ಉತ್ತರ ಕನ್ನಡದ ವೈದ್ಯೆಯ ಒಪ್ಪಿಗೆ ಪಡೆದು, ಅವರ ದೂರವಾಣಿ ಸಂಖ್ಯೆಯನ್ನು ಹಾಸನದ ತಾಯಿಗೆ ಕಳುಹಿಸಲಾಗಿದೆ. – ಸಂ.*